ಇಂಜಿನ್ ಇನ್ನೂ ಪಳಗಿಲ್ಲ

ಸೆಟ್ಟಿಮೊ, ೫ ಜೂನ್ ೧೯೭೯

ದೆಲಿಯೊ,

ಹಳದಿ ೮೫೦ ಕೂಪೆ ಕಾರಿನ ಇಂಜಿನ್ ಪಳಗಿದ ಕೂಡಲೇ ಸ್ಟೀರಿಂಗ್ ನನ್ನ ಕೈಗೆ ಎಂದಿದ್ದೆ ನೀನು. ಕೊಡಲಿಲ್ಲ. ನೀಲಿ ಫುಲ್ವಿಯಾ ಪಳಗಿದ ಕೂಡಲೇ ಎಂದೆ. ಕೊಡಲಿಲ್ಲ. ಈ ವಸಂತದಲ್ಲಿ ಕೆಂಪು ಆಲ್ಫೆಟ್ಟಾ ಬಂದಾಗ ನಿನ್ನ ತಾಯಿಯ ಆಣೆ ಇಟ್ಟು ಅದೇ ಮಾತು ಹೇಳಿದೆ. ಅದು ಪಳಗುವ ಮೊದಲೇ ಇನ್ನೊಬ್ಬಳ ಕೈಗೆ ಕೊಟ್ಟೆ.

ನಾನು ಮನೆ ಬಿಟ್ಟು ನನ್ನ ತಂಗಿ ಪಿಯೆರಾಳ ಮನೆಗೆ ಬಂದದ್ದು ಯಾಕೆಂದು ಕೇಳಿ ಕಳಿಸಿದ್ದೀಯ. ಇದಕ್ಕೇ.

ಹೊಸ ಇಂಜಿನ್ನನ್ನು ಮೊದಲ ಮೂರು ಸಾವಿರ ಕಿಲೋಮೀಟರು ಒಂದೇ ಕೈ ಓಡಿಸಬೇಕು, ಒಂದೇ ಕಾಲು ತುಳಿಯಬೇಕು ಎಂಬುದು ನಿನ್ನ ಧರ್ಮ. ಹಿಂದಿನ ಗಾಜಿಗೆ ‘ಪಳಗುತ್ತಿದೆ’ ಎಂದು ಚೀಟಿ ಅಂಟಿಸಿದೆಯೆಂದರೆ ನಮ್ಮ ಅಂಗಳದ ಜನ ಬಾಣಂತಿ ಕೋಣೆಯ ಮುಂದೆ ನಡೆದ ಹಾಗೆ ಮೆಲ್ಲಗೆ ನಡೆಯುತ್ತಿದ್ದರು. ನಾನೂ ನಂಬಿದೆ. ಚೀಟಿ ಕಿತ್ತ ಮೇಲೆ ನಿನಗೆ ಬೇರೆ ನೆಪ ಸಿಗುತ್ತಿತ್ತು: ಮಂಜು, ಟೈರು, ನಿನ್ನ ಕಾರು ಕ್ಲಬ್ಬಿನ ಗುಡ್ಡ ಹತ್ತುವ ಓಟ. ನೆಪಗಳು ಮುಗಿಯುವ ಹೊತ್ತಿಗೆ ಕಾರು ಮಾರಿ ಹೊಸತು ತರುತ್ತಿದ್ದೆ. ಮತ್ತೆ ಚೀಟಿ.

ಹಳದಿ ಕಾರಿನಲ್ಲಿ ಮದುವೆಯ ಮಾರನೆಯ ದಿನ ಕಡಲಿಗೆ ಹೋದೆವು. ಹಿಂದಿನ ಸೀಟಿಗೆ ಗೀರು ಬೀಳುತ್ತದೆಂದು ನೀನು ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟೆ. ಪ್ರತಿ ತಿರುವಿನಲ್ಲೂ ಇಳಿದು ಟೈರು ಮುಟ್ಟಿ ನೋಡಿದೆ, ಬಿಸಿ ಇದೆಯೋ ಎಂದು. ನನ್ನ ಕೈ ತಣ್ಣಗಾಗಿತ್ತು, ಅದನ್ನು ಮುಟ್ಟಲಿಲ್ಲ. ಆಗ ನಾನು ನಕ್ಕಿದ್ದೆ. ಹೊಸ ಹೆಂಡತಿಯರು ನಗುತ್ತಾರೆ.

ನೀಲಿ ಫುಲ್ವಿಯಾಗೆ ಚಳಿಗಾಲದಲ್ಲಿ ನೀನು ನನ್ನ ಅಮ್ಮ ಕೊಟ್ಟ ಉಣ್ಣೆಯ ಕಂಬಳಿ ಹೊದಿಸಿದೆ. ನಾವು ಕೋಟು ಹೊದ್ದು ಮಲಗಿದೆವು. ನನ್ನ ಅಪ್ಪನಿಗೆ ಉಸಿರು ಕಟ್ಟಿದ ಬೆಳಿಗ್ಗೆ ರಸ್ತೆಯ ಹಿಮಕ್ಕೆ ಉಪ್ಪು ಸುರಿದಿದ್ದರು. ಉಪ್ಪು ತಗಡನ್ನು ತಿನ್ನುತ್ತದೆ ಎಂದು ನೀನು ಕಾರು ತೆಗೆಯಲಿಲ್ಲ. ಅಪ್ಪ ಟ್ರಾಮಿನಲ್ಲಿ, ನನ್ನ ಭುಜಕ್ಕೆ ಒರಗಿ, ಆಸ್ಪತ್ರೆಗೆ ಹೋದರು. ಬದುಕಿ ಬಂದರು, ಅದು ನಿನ್ನ ಪುಣ್ಯ. ಎರಡು ವರ್ಷದ ನಂತರ ಅವರು ತೀರಿಕೊಂಡಾಗ ನಿನ್ನ ಕಣ್ಣು ಒಣಗಿತ್ತು. ಫುಲ್ವಿಯಾ ಮಾರಿದ ದಿನ ನೀನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಾನು ನಿನಗೆ ಸೂಪು ಬಡಿಸಿದೆ. ಒಂದು ತಗಡಿನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಅವತ್ತು. ಯಾರಿಗೂ ಹೇಳಲಿಲ್ಲ. ಕಾರ್ಮಿಕ ಸಂಘದಲ್ಲಿ ಹೇಳಿದ್ದರೆ ನಗುತ್ತಿದ್ದರು.

ನಾನು ದಿನವಿಡೀ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುವವಳು. ಓಡಿಸುವವರು ಕೂರುವ ಎಡಗಡೆಯ ಸೀಟೂ ಹೊಲಿಯುತ್ತೇನೆ, ಜೊತೆಯವರ ಬಲಗಡೆಯದೂ ಹೊಲಿಯುತ್ತೇನೆ. ಸೂಜಿ ಎರಡಕ್ಕೂ ಒಂದೇ. ಕೂರುವ ಹೊತ್ತಿಗೆ ಮಾತ್ರ ನನಗೆ ಬಲಗಡೆ. ಸಂಘದ ಹಳೇ ವ್ಯಾನನ್ನು ಕಾರ್ಖಾನೆಯ ಎಲ್ಲ ಗೇಟುಗಳಿಗೂ ಓಡಿಸುವುದು ನಾನೇ ಎಂದು ನಿನಗೆ ಗೊತ್ತಿತ್ತು. ಅದು ಗಾಡಿಯಲ್ಲ, ಬಕೆಟ್ಟು ಎನ್ನುತ್ತಿದ್ದೆ ನೀನು.

ಮೇ ತಿಂಗಳ ಆ ಶನಿವಾರ ನಾವು ಹೊಲಿಗೆ ವಿಭಾಗದ ಹೆಂಗಸರು ಸಿಗ್ನಲ್ಲಿನಲ್ಲಿ ಸಮಾನತೆಯ ಕರಪತ್ರ ಹಂಚುತ್ತಿದ್ದೆವು. ಕೆಂಪು ದೀಪಕ್ಕೆ ಕೆಂಪು ಆಲ್ಫೆಟ್ಟಾ ನಿಂತಿತು. ಹಿಂದಿನ ಗಾಜಿನ ಮೇಲೆ ಚೀಟಿ ಇನ್ನೂ ಇತ್ತು. ಸ್ಟೀರಿಂಗ್ ಹಿಂದೆ ಔಷಧಿ ಅಂಗಡಿಯವರ ಮಗಳು ಲುಚಿಲ್ಲಾ. ಬಲಗಡೆ ನೀನು. ಗೇರಿನ ಮೇಲೆ ಅವಳ ಕೈ, ಅವಳ ಕೈಯ ಮೇಲೆ ನಿನ್ನ ಕೈ.

ನನ್ನ ಪಕ್ಕ ನಿಂತಿದ್ದ ಇಯೊಲೆಯ ಬಾಯಿ ನಿನಗೆ ಗೊತ್ತಲ್ಲ. “ನೋಡೇ ನೊರ್ಮಾ, ನಿನ್ ಗಂಡನ ಕಾರಲ್ಲಿ ಸಮಾನತೆ ಬಂದ್‌ಬಿಟ್ಟಿದೆ. ನಿನ್ನೊಬ್ಬಳನ್ನ ಬಿಟ್ಟು,” ಎಂದಳು.

ನಾನು ಹೋಗಿ ಕಿಟಕಿಯೊಳಗೆ ಕರಪತ್ರ ಚಾಚಿದೆ. ಆ ಹುಡುಗಿಗೆ ನಾನು ಯಾರೆಂದು ಗೊತ್ತಿಲ್ಲ. ನಗುತ್ತ ತೆಗೆದುಕೊಂಡಳು. ನೀನು ದೀಪವನ್ನೇ ನೋಡುತ್ತಿದ್ದೆ. ಹಸಿರಾಗಲಿ ಎಂದು ಹರಕೆ ಹೊತ್ತವನ ಹಾಗೆ. ಹಸಿರಾಯಿತು. ಅವಳು ಒಂದು ಜರ್ಕೂ ಇಲ್ಲದೆ ಕಾರು ಹೊರಡಿಸಿದಳು. ಹೆಂಡತಿಯನ್ನು ಗುರುತಿಸದ ಗಂಡನನ್ನು ನಾನು ಕ್ಷಮಿಸಿಯೇನು. ಆ ಜರ್ಕಿಲ್ಲದ ಹೊರಡುವಿಕೆಯನ್ನು ಕ್ಷಮಿಸಲಾರೆ.

ಸಂಜೆ ನಾನು ಕೇಳಿದರೆ ನಿಮ್ಮಿಬ್ಬರ ನಡುವೆ ಏನೂ ಇಲ್ಲ ಎಂದೆ ನೀನು. ಕ್ಲಬ್ಬಿನವರು ಈ ಸಲ ಗುಡ್ಡದ ಓಟದಲ್ಲಿ ಹೆಂಗಸರ ಕಪ್ ಇಟ್ಟಿದ್ದಾರೆ, ಆ ಹುಡುಗಿಯ ಬಳಿ ಕಾರಿಲ್ಲ, ನಿನ್ನ ಕಾರು ಗೆದ್ದರೆ ನಿನಗೆ ಹೆಸರು ಎಂದೆ. ಏನೂ ಇಲ್ಲ ಎಂಬುದನ್ನು ನಂಬುತ್ತೇನೆ. ಮುತ್ತು ಕೊಟ್ಟಿದ್ದರೆ ಎರಡು ತಟ್ಟೆ ಒಡೆದು ಸುಮ್ಮನಾಗುತ್ತಿದ್ದೆ. ಆದರೆ ನನ್ನನ್ನು ಯಾಕೆ ಕೇಳಲಿಲ್ಲ ಎಂದಾಗ ನೀನು ಶೂ ಬಿಚ್ಚುತ್ತ, ತಲೆ ಎತ್ತದೆ ಹೇಳಿದೆ:

“ಕ್ಲಚ್ ಮೇಲೆ ಅವಳ ಕಾಲು ಹಗುರ ಕಣೆ. ನಿಂದು ವ್ಯಾನ್ ಕಾಲು.”

ಹತ್ತು ವರ್ಷದಲ್ಲಿ ನನ್ನ ಕಾಲು ನಿನ್ನ ಕ್ಲಚ್ಚನ್ನು ಒಂದು ಸಲವಾದರೂ ಮುಟ್ಟಿದೆಯೇ, ತೂಕ ಹೇಳಲು? ನಮ್ಮ ಮೇಸ್ತ್ರಿಯೂ ಹೀಗೇ ಮಾತಾಡುತ್ತಾನೆ. ಹೆಂಗಸರನ್ನು ದೊಡ್ಡ ಯಂತ್ರದ ಹತ್ತಿರ ಬಿಡುವುದಿಲ್ಲ, ಆಮೇಲೆ ಅವರಿಗೆ ಅನುಭವವಿಲ್ಲ ಎನ್ನುತ್ತಾನೆ. ಅವನ ವಿರುದ್ಧ ಮುಷ್ಕರ ಹೂಡಿದೆ. ನಿನಗೆ ಸೂಪು ಬಡಿಸಿದೆ. ಇನ್ನು ಬಡಿಸುವುದಿಲ್ಲ.

ನನ್ನ ಬೇಡಿಕೆ ಒಂದೇ. ಹೂವು ತರಬೇಡ, ನಿನ್ನ ಅಮ್ಮನನ್ನು ಕಳಿಸಬೇಡ. ಆ ಕಾರನ್ನು ಗುಡ್ಡದ ತುದಿಯವರೆಗೆ ನಾನು ಓಡಿಸಬೇಕು, ನೀನು ಕೆಳಗೆ ಜನರ ನಡುವೆ ನಿಂತು ನೋಡಬೇಕು. ಇಷ್ಟಾದರೆ ಮನೆಗೆ ಬರುತ್ತೇನೆ. ಆಗದಿದ್ದರೆ ನನ್ನ ಚಳಿಗಾಲದ ಬಟ್ಟೆಯನ್ನು ಪಿಯೆರಾಳ ಕೈಯಲ್ಲಿ ಕಳಿಸು.

ಇಂತಿ,
ಇನ್ನೂ ನಿನ್ನ ಹೆಂಡತಿಯೇ ಆದ
ನೊರ್ಮಾ

ಮರೆತ ಮಾತು: ಬೇಡಿಕೆ ಎಂದೆನಲ್ಲ, ಅದು ಸುಳ್ಳು. ಕೆಲಸ ಆಗಿಹೋಗಿದೆ. ನಿನ್ನೆ ಕ್ಲಬ್ಬಿಗೆ ಹೋಗಿ ಹೆಂಗಸರ ಕಪ್‌ಗೆ ಹೆಸರು ಕೊಟ್ಟೆ. ಕಾರಿನ ಮಾಲೀಕರ ಸಹಿ ಬೇಕೆಂದರು. ಮದುವೆಯಾದ ಮೇಲೆ ಕೊಂಡದ್ದರಲ್ಲಿ ಅರ್ಧ ಹೆಂಡತಿಯದು ಎಂದು ಹೊಸ ಕಾನೂನು ಹೇಳುತ್ತದೆ, ಆ ಕಾನೂನಿಗಾಗಿ ಬೀದಿಗಿಳಿದವರಲ್ಲಿ ನಾನೂ ಇದ್ದೆ ಎಂದು ಹೇಳಿ ನಾನೇ ಸಹಿ ಹಾಕಿದೆ. ಕಾರ್ಯದರ್ಶಿ ತಲೆ ಕೆರೆದುಕೊಂಡರು, ಬೇಡ ಎನ್ನಲಿಲ್ಲ. ಲುಚಿಲ್ಲಾಳ ಹೆಸರನ್ನು ಹೊಡೆದುಹಾಕಿಸಲು ಹೋಗಿದ್ದೆ. ಹಾಗೇ ಬಿಟ್ಟು ಬಂದೆ. ಅದೇ ಕಾರಿನಲ್ಲಿ ಅವಳೂ ಗುಡ್ಡ ಹತ್ತಲಿ. ಅವಳಿಗಿಂತ ಬೇಗ ಹತ್ತಬೇಕು ನನಗೆ. ಇದಕ್ಕೆ ಹೋರಾಟ ಎಂದು ಹೆಸರಿಡುವುದಿಲ್ಲ, ಹೊಟ್ಟೆಕಿಚ್ಚೇ. ಟ್ಯಾಂಕು ತುಂಬಿಸಿ ತಾ. ಜೂನ್ ಹದಿನೇಳು, ಭಾನುವಾರ, ಬೆಳಿಗ್ಗೆ ಎಂಟು ಗಂಟೆಗೆ, ಸಾಸ್ಸಿಯಲ್ಲಿ, ಗುಡ್ಡದ ರಸ್ತೆ ಶುರುವಾಗುವ ಕಡೆ.