ಸಿಗ್ನೆ ಎತ್ತಿದ ಚೀಟಿ

ಏಪ್ರಿಲ್ 30, ಗುರುವಾರ

ಅತ್ತೆ ಗುಡ್ರುನ್ ಮನೆಯಲ್ಲಿ ಬಿಸಿ ಗೋಧಿ ಬನ್ನು. ನಾಳೆ ಪ್ರಾರ್ಥನೆಯ ಹಬ್ಬ. ಅಂದರೆ, ಇತ್ತು... ಸೇನೆಗೆ ದುಡ್ಡು ಸಾಲದೆಂದು ಡೆನ್ಮಾರ್ಕ್ ಸರ್ಕಾರ ಆ ರಜೆಯನ್ನೇ ಕಿತ್ತುಹಾಕಿತು. ಅತ್ತೆ ಮಾತ್ರ ಹಬ್ಬದ ಮುನ್ನಾದಿನದ ಈ ಬನ್ನು ಬಿಟ್ಟಿಲ್ಲ. ಬೆಣ್ಣೆ ಹಚ್ಚುತ್ತಾ ನನಗೇ ಚುಚ್ಚಿದರು.

"ನೋಡು ವೇಡ್, ನಿಮ್ಮ ಅಮೆರಿಕದೋರು ಮೊದ್ಲು ಯುದ್ಧದ ಹಡಗು ಕಟ್ತಾರೆ, ಆಮೇಲೆ ಯಾರಿಗೆ ಹುಷಾರಿಲ್ಲ ಅಂತ ಕೇಳ್ತಾರೆ."

"ನೀವು ಎಲ್ರಿಗೂ ಔಷಧಿ ಹಂಚ್ತಾ ಕೂತ್ರಿ, ಬಾಗಿಲು ಕಾದೋರು ನಾವಲ್ವಾ ಅತ್ತೆ?"

ಹೆಂಡತಿ ಬೋದಿಲ್ ಇಬ್ಬರ ಬಾಯಿಗೂ ಬನ್ನು ತುರುಕಿದಳು. ಮಗಳು ಸಿಗ್ನೆ ಎರಡನೇ ಬನ್ನಿಗೆ ಕೈ ಹಾಕಿದಳು. ಬುಧವಾರ ಅವಳ ಸರದಿ. ಹದಿನೆಂಟು ತುಂಬಿದ ಹುಡುಗಿಯರೂ ಈಗ ಸೇನೆಯ ಚೀಟಿ ಎತ್ತಬೇಕು. ಸಣ್ಣ ನಂಬರ್ ಬಂದರೆ ಹೋಗಬೇಕಾದೀತು. ದೊಡ್ಡದು ಬಂದರೆ ಬಚಾವ್. ದೇವರೇ, ದೊಡ್ಡದೇ ಬರಲಿ.

ಮೇ 6, ಮಧ್ಯಾಹ್ನ

ದೊಡ್ಡ ನಂಬರ್! ಬಚಾವ್! ಬೋದಿಲ್ ಫೋನಿನಲ್ಲಿ ಹೇಳಿದ್ದೇ ತಡ, ಆಫೀಸಿನಲ್ಲೇ ಕುಣಿದುಬಿಟ್ಟೆ. ಕೇಕ್ ಆರ್ಡರ್ ಮಾಡಿದೆ, ಮೂರು ಪದರದ್ದು.

ಅವಳ ವಯಸ್ಸಿನಲ್ಲಿ ನಾನು ಸೈನ್ಯ ಸೇರಿದ್ದು ದೇಶಭಕ್ತಿ ಉಕ್ಕಿ ಅಲ್ಲ. ಸೇರಿದರೆ ಕಾಲೇಜ್ ಫೀಸು ಸೈನ್ಯವೇ ಕಟ್ಟುತ್ತಿತ್ತು, ನನಗೆ ಬೇರೆ ದಾರಿ ಇರಲಿಲ್ಲ. ಮಗಳಿಗೆ ಆ ಗತಿ ಇಲ್ಲ. ಇಲ್ಲಿ ಫೀಸೇ ಇಲ್ಲ, ಮೇಲಾಗಿ ಓದುವವರಿಗೆ ಸರ್ಕಾರವೇ ಕೈಖರ್ಚು ಕೊಡುತ್ತದೆ! ಇದಕ್ಕೇ ನಾನು ಡೆನ್ಮಾರ್ಕಿನಲ್ಲಿ ಬೇರು ಬಿಟ್ಟಿದ್ದು.

ಅದೇ ದಿನ, ಸಂಜೆ

ಕೇಕ್ ಹಾಗೇ ಇದೆ. ಬಚಾವಾದ ಮೇಲೂ ಸಿಗ್ನೆ ತಾನಾಗಿ ಸೇನೆಗೆ ಹೆಸರು ಕೊಟ್ಟು ಬಂದಿದ್ದಾಳೆ. ಹನ್ನೊಂದು ತಿಂಗಳು! ಅಯ್ಯೋ ದೇವರೇ...

"ಏನು ಬೇಕಿತ್ತೇ ನಿಂಗೆ? ಬಾಯ್ಬಿಟ್ಟು ಹೇಳು, ನಾನು ಕೊಡಿಸ್ತೀನಿ!"

"ಏನೂ ಬೇಡಪ್ಪಾ."

ಮೇ 7

ತಡೆಯಲಾಗಲಿಲ್ಲ. ಭರ್ತಿ ಕಚೇರಿಗೆ ಫೋನ್ ಮಾಡಿ ರೇಗಿದೆ. "ಏನು ಆಸೆ ತೋರಿಸಿದ್ರಿ ನನ್ನ ಮಗಳಿಗೆ? ಕಾಲೇಜ್ ಫೀಸಾ? ಇನ್ಶೂರೆನ್ಸಾ?"

ಆ ಹೆಂಗಸಿಗೆ ತಲೆಬುಡ ತಿಳಿಯಲಿಲ್ಲ. "ಫೀಸಾ... ಯಾರು ಕಟ್ತಾರೆ ಫೀಸು?" ಸ್ವಲ್ಪ ತಡಕಾಡಿ, "ಬೂಟು ಕೊಡ್ತೀವಿ," ಎಂದಳು.

ಮಾನ ಹೋಯಿತು. ಹಿಂದೆಯೇ ನಿಂತಿದ್ದ ಸಿಗ್ನೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಪಕ್ಕ ಕೂತಳು.

"ಅಪ್ಪಾ, ನಿಂಗೆ ಕೊಡ್ತೀವಿ ಅಂದ್ರು, ನೀನು ಹೋದೆ. ನಂಗೆ ಹುಟ್ಟಿದಾಗಿಂದ ಎಲ್ಲಾ ಕೊಟ್ಟಾಗಿದೆ. ಈಗ ಊರಿಗೆ ಯುದ್ಧದ ಭಯ ಬಂದಾಗ ಸುಮ್ನೆ ಕೂರೋಕೆ ಮನಸ್ಸು ಒಪ್ತಿಲ್ಲ."

ಸಿಟ್ಟು ಇದೆ. ಹೆಮ್ಮೆಯೂ... ಥೂ, ಎರಡೂ ಒಟ್ಟಿಗೇ ಬರಬೇಕೇ!

ಆಗಸ್ಟ್ 3, ಬೆಳಿಗ್ಗೆ. ಶಿಬಿರದ ಗೇಟಿನ ಹೊರಗೆ, ಕಾರಿನಲ್ಲಿ

ಬಿಟ್ಟಾಯಿತು. ದಾರಿಯುದ್ದಕ್ಕೂ ನನ್ನದೇ ವಟವಟ. ಸಾಕ್ಸ್ ಒಣಗಿಸಿಕೋ, ನೀರು ಕುಡಿ, ಮುಂದೆ ನಿಲ್ಲಬೇಡ, ಹಿಂದೆಯೂ ನಿಲ್ಲಬೇಡ... ಬೋದಿಲ್ ಅಳುತ್ತಲೇ ನಗುತ್ತಿದ್ದಳು.

ಗೇಟು ದಾಟುವ ಮುನ್ನ ಸಿಗ್ನೆ ತಿರುಗಿದಳು. "ಅಪ್ಪಾ, ನೀನು ಸೈನ್ಯಕ್ಕೆ ಹೋದಾಗ ನಿನ್ನನ್ನ ಬಿಡೋಕೆ ಯಾರು ಬಂದಿದ್ರು?"

"ಯಾರೂ ಇಲ್ಲ. ನಮ್ಮಮ್ಮಂಗೆ ರಜೆ ಸಿಗ್ಲಿಲ್ಲ."

ಬ್ಯಾಗು ಅಲ್ಲೇ ಬಿಸಾಕಿ ಓಡಿ ಬಂದಳು. ಗಟ್ಟಿಯಾಗಿ ತಬ್ಬಿದಳು. "ಇದು ಆವತ್ತಿಂದು," ಎಂದಳು. ಬಿಟ್ಟು, ಮತ್ತೆ ತಬ್ಬಿದಳು. "ಇದು ಇವತ್ತಿಂದು."

ಬೋದಿಲ್ ಕಾರು ಹೊರಡಿಸುತ್ತಿದ್ದಾಳೆ. ನಾನಿನ್ನೂ ಆ ಮೊದಲನೆಯ ಅಪ್ಪುಗೆಯಲ್ಲೇ—