ಬಸ್ಸಿನ್ಯಾಗ ಪಾದಯಾತ್ರಿ

ಏನ್ರಿ ಪಾದಯಾತ್ರಿ ಯಜಮಾನ್ರ, ಎದ್ರೇನು?

ಈ ಚೀಟಿ ಬರದಿಟ್ಟು ನಾ ಬಾಜೂ ಮನಿ ಮುತ್ತವ್ವನ ಕೂಡ ಹುನಗುಂದಕ್ಕ ನಡಕೊಂತ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಶೇಂಗಾ ಚಟ್ನಿ ಡಬ್ಬ್ಯಾಗ ಐತಿ. ಮೊಸರು ಪೂರಾ ಮುಗಸಬ್ಯಾಡ್ರಿ.

ಎಣ್ಣಿ ಬಾಟ್ಲಿ ಎತ್ತಿಟ್ಟೇನಿ, ಹುಡುಕಬ್ಯಾಡ್ರಿ. ನಿನ್ನೆ "ಶ್ರೀಶೈಲದ ಪಾದಯಾತ್ರಿಗೆ ರೂಢಿ ಆಗ್ಲಿ ಅಂತ ಹುನಗುಂದಕ್ಕ ನಡದು ಹೋಗಿ ನಡದು ಬಂದೆ, ಕಾಲು ಬಿದ್ದು ಹೋದ್ವು" ಅಂತ ನರಳಿ ನನ್ನ ಕಡೆ ತಿಕ್ಕಿಸ್ಕೊಂಡ್ರಲ್ಲ, ಮುಂಜಾನೆ ನೀರು ತುಂಬೂ ಮುಂದ ಮುತ್ತವ್ವ ಎಲ್ಲಾ ಹೇಳಿದ್ಲು. ಹೊಳ್ಳಿ ಬರೂ ಬಸ್ಸಿನ್ಯಾಗ ಆಕಿನೂ ಇದ್ಲಂತ. ನೀವು ನಿಮ್ಮ ಗೆಳ್ಯಾ ಹುಚ್ಚೇಶಣ್ಣನ ಹೆಗಲ ಮ್ಯಾಲೆ ಬಾಯಿ ತಕ್ಕೊಂಡು ಮಲಗಿದ್ರಂತ, ಕೈಯಾಗ ಮಿರ್ಚಿ ಭಜಿ ಪೊಟ್ಟಣ. ನನಗೊಂದರ ತರಬಾರದೇನ್ರಿ?

ಚಾ ಕುಡದು ಮಗ್ಗಕ್ಕ ಕುಂದರ್ರಿ. ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ತುಳದದ್ದೂ ನಡಿಗಿ ಲೆಕ್ಕ ಅಂತ ಹುಚ್ಚೇಶಣ್ಣನ ಮುಂದ ಹೇಳಬ್ಯಾಡ್ರಿ, ಅಂವ ಖರೆ ಅಂತ ನಂಬತಾನ.

ನಾವೂ ಹೊಳ್ಳಿ ಬರೂದು ಬಸ್ಸಿಗೇ, ಹೆಂಗಸ್ರಿಗೆ ಪುಕ್ಕಟ ಐತಿ. ಆದ್ರ ನಡದು ಬಂದೆ ಅಂತ ಹೇಳಿ ಎಣ್ಣಿ ತಿಕ್ಕಿಸ್ಕೊಳ್ಳಾಂಗಿಲ್ಲ.

ಸಿಟ್ಟಿಲ್ಲರಿ. ನಾ ದವಾಖಾನ್ಯಾಗ ಬಿದ್ದಾಗ ನೀವು ಹೊತ್ತ ಪಾದಯಾತ್ರಿ ಹರಕಿ ಅದು, ನನಗ ಗೊತ್ತೈತಿ. ಗುಣಾದಾಕಿ ನಾನು, ನಡಿಯಾವ್ರು ನೀವೊಬ್ರ ಯಾಕ? ಶ್ರೀಶೈಲಕ್ಕ ನಾನೂ ಬರ್ತೇನಿ. ನಿಮಗ ಸಾಕಾದಲ್ಲಿ ಕೈ ಹಿಡಿತೇನಿ. ಬಸ್ಸಿನ ಸುದ್ದಿ ಮಾತ್ರ ಅಲ್ಲಿ ಮಲ್ಲಯ್ಯ ದೇವರ ಮುಂದ ನೀವ ಹೇಳ್ಕೋರಿ.