ದೊರೆಯ ಹಬ್ಬಕ್ಕೆ ಪೈಪು ಊದಿದ್ದು

೪ ಅಕ್ಟೋಬರ್ ೧೯೫೪, ಸೋಮವಾರ. ಬೆಟ್ಟದಪುರ

ಎದ್ದವನೇ ಎಲೆ ಒಣಗಿಸುವ ಬ್ಯಾರನ್ನಿನ ಬೆಂಕಿ ನೋಡಿದೆ. ಹೊಗೆಸೊಪ್ಪು ಹಳದಿಗೆ ತಿರುಗುತ್ತಿದೆ. ಈಗ ಬಿಸಿ ಹೆಚ್ಚಾದರೆ ಎಲೆ ಕಪ್ಪು. ಎರಡು ಸೌದೆ ಹೊರಗೆಳೆದೆ. ಅಷ್ಟರಲ್ಲಿ ಬಸ್ಸು ಇಳಿದು ಕೋಟು ಟೋಪಿಯ ಒಬ್ಬ ಮನುಷ್ಯ ನೇರ ಇಲ್ಲಿಗೇ ಬಂದ.

"ಮಿಲಿಟರಿ ಬ್ಯಾಂಡಿನಲ್ಲಿ ಚೀಲದ ಪೈಪು ಊದ್ತಿದ್ದ ಸ್ವಾಮಿ ಅನ್ನೋರು ನೀವೇನಾ?"

ನಾನೇ. ಸಂಸ್ಥಾನದ ಸೈನ್ಯದಲ್ಲಿ ಊದುತ್ತಿದ್ದೆ. ಸೈನ್ಯ ದೆಹಲಿ ಸರ್ಕಾರಕ್ಕೆ ಸೇರಿತು, ನಾನು ಮನೆಗೆ ಬಂದೆ. ಬಂದವನ ಹೆಸರು ಗೋವಿಂದಯ್ಯ. ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಈ ವರ್ಷ ಸೇರಿದವನು. ಸ್ಕಾಟ್ಲೆಂಡಿನ ದೊರೆಗಳೆಲ್ಲ ಮಳೆ ಬಿಟ್ಟ ಮೇಲೆ ಬೆಟ್ಟದ ಮೇಲೆ ತಮ್ಮ ದೇಶದ ಹಬ್ಬ ಮಾಡುತ್ತಾರಂತೆ. ಆಟ, ಕುಣಿತ, ಊಟ. ಪೈಪು ಇಲ್ಲದೆ ನಡೆಯುವ ಹಾಗಿಲ್ಲ. ಪ್ರತಿವರ್ಷ ಊದುತ್ತಿದ್ದ ಮುದುಕ ಸ್ಕಾಟ್ಲೆಂಡಿಗೇ ಹೊರಟುಹೋದನಂತೆ.

"ಯಾವ ದೊರೆ?" ಅಂದೆ.

"ಕಾಲ್ಡರ್ ದೊರೆ. ಈ ಸಲ ಅವರೇ ಹಬ್ಬದ ಯಜಮಾನರು."

ಕೈಯಲ್ಲಿದ್ದ ಸೌದೆ ಕೆಳಗಿಟ್ಟೆ. ನಾಳೆ ಪಿರಿಯಾಪಟ್ಟಣದಲ್ಲಿ ಸಿಕ್ಕಿ ಹೇಳುತ್ತೇನೆ ಅಂದೆ. ನನ್ನ ಪೂರ್ತಿ ಹೆಸರು ವೀರಭದ್ರಸ್ವಾಮಿ. ನಾನು ಬೆಟ್ಟಸ್ವಾಮಿಯ ತಮ್ಮ. ಅದು ಅವನಿಗೆ ಗೊತ್ತಿಲ್ಲ. ಅವನ ದೊರೆಗೂ ಗೊತ್ತಿಲ್ಲ.

ಅದೇ ದಿನ, ಸಂಜೆ

ಬರೆದು ಇಡುತ್ತೇನೆ. ತಲೆಯಲ್ಲೇ ಇದ್ದರೆ ಕುದಿಯುತ್ತದೆ.

ಅಣ್ಣ ಕಾಲ್ಡರನ ಲಾರಿ ಓಡಿಸುತ್ತಿದ್ದ. ಹೋದ ವರ್ಷ ಊರಿಗೆ ಬಂದಾಗ ಹೇಳಿದ್ದ — "ಬ್ರೇಕು ಇಡೀತಿಲ್ಲ ಕಣ್ಲಾ. ದೊರೆಗೆ ಯೋಳಿದೀನಿ. ಆಮ್ಯಾಕೆ ನೋಡಾನ ಅಂತಾನೆ." ಅದಾದ ಮೇಲೆ ಮನೆಗೆ ಬಂದದ್ದು ಹೆಣ. ಘಾಟಿಯ ತಿರುವಿನಲ್ಲಿ ಲಾರಿ ಕೆಳಗೆ ಹೋಯಿತು. ಜೊತೆಗಿದ್ದ ಕ್ಲೀನರ್ ಹಾರಿ ಬದುಕಿದ. ದೊರೆ ಪೋಲೀಸಿಗೆ ಹೇಳಿಕೆ ಕೊಟ್ಟ — ಡ್ರೈವರ್ ಕುಡಿದಿದ್ದ. ಕೊಡಗು ಬೇರೆ ರಾಜ್ಯ. ನಮ್ಮ ಮಾತು ಕೇಳುವವರು ಅಲ್ಲಿ ಯಾರಿದ್ದಾರೆ.

ಅಣ್ಣ ಲಿಂಗ ಕಟ್ಟಿದವನು. ಹನಿ ಮುಟ್ಟಿದವನಲ್ಲ. ಆದರೂ ಊರು ನಂಬಿತು. ಮಣ್ಣಿಗೆ ಬಂದವರು ಕಡಿಮೆ. ಅಣ್ಣನ ಮಗಳು ಮಂಗಳಮ್ಮನಿಗೆ ರಾವಂದೂರಿನಲ್ಲಿ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಕುಡುಕನ ಮನೆಯ ಹೆಣ್ಣು ಬೇಡ ಅಂದರು.

ನಾಳೆ ಒಪ್ಪಿಕೊಳ್ಳುತ್ತೇನೆ.

೫ ಅಕ್ಟೋಬರ್

ಒಪ್ಪಿಕೊಂಡೆ. ಅತ್ತಿಗೆಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು.

"ಅವ್ನ ಅಬ್ಬಕ್ಕೆ ನೀನೋಗಿ ಊದ್ತೀಯಾ?"

"ಊದ್ತೀನಿ."

ರೊಟ್ಟಿ ಹೊತ್ತಿಹೋಯಿತು. ಅದನ್ನೇ ನನ್ನ ತಟ್ಟೆಗೆ ಹಾಕಿದರು.

೯ ಅಕ್ಟೋಬರ್

ಪೈಪು ಇಳಿಸಿದೆ. ತೊಗಲಿನ ಚೀಲ, ಆದ್ದರಿಂದ ಅತ್ತಿಗೆ ಅದನ್ನು ಮನೆಯೊಳಗೆ ಬಿಟ್ಟವರಲ್ಲ. ಬ್ಯಾರನ್ನಿನ ತೊಲೆಗೆ ನೇತು ಹಾಕಿದ್ದೆ. ಒಣಗಿ ಸೆಟೆದುಕೊಂಡಿತ್ತು. ನೆನೆಸಿ, ತಿಕ್ಕಿ, ದಾರ ಬಿಗಿದು ಊದಿದೆ. ಮೊದಲು ಬರೀ ಗಾಳಿ. ಆಮೇಲೆ ಸ್ವರ ಕಟ್ಟಿತು. ದಾರಿಯಲ್ಲಿ ಹೋಗುತ್ತಿದ್ದ ಸಣ್ಣಬೀರಯ್ಯ ನಿಂತು, "ಯಾರ ಕುರಿ ಕುಯ್ತಾವ್ರೆ?" ಅಂದ. ನಗು ಬರಲಿಲ್ಲ.

ಊದುವಾಗ ಯೋಚನೆ ಒಂದೇ. ಸೈನ್ಯದಲ್ಲಿ ಬ್ಯಾಂಡಿನವರಿಗೂ ಮೋಟಾರು ಕೆಲಸ ಕಲಿಸಿದ್ದರು. ದೊರೆ ಜೀಪನ್ನು ತಾನೇ ಓಡಿಸುತ್ತಾನೆ, ಅದೂ ಜೋರಾಗಿ — ಗೋವಿಂದಯ್ಯನೇ ಹೆಮ್ಮೆಯಿಂದ ಹೇಳಿದ. ಬ್ರೇಕಿಗೆ ಎಣ್ಣೆ ಹೋಗುವ ಕೊಳವೆ. ಅದರ ಒಂದು ನಟ್ಟು. ಸ್ಪ್ಯಾನರ್ ಪೈಪಿನ ಪೆಟ್ಟಿಗೆಯಲ್ಲೇ ಹಿಡಿಸುತ್ತದೆ.

ಅದೇ ಘಾಟಿ. ಅದೇ ತಿರುವು.

೨೮ ಅಕ್ಟೋಬರ್

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಹೆದರಿಕೆ.

ದೀಪಾವಳಿ ಆಯಿತು. ನಮ್ಮ ಮನೆಯಲ್ಲಿ ಒಂದೇ ದೀಪ. ನಾಳೆ ಹೊರಡಬೇಕು. ಅತ್ತಿಗೆ ಬುತ್ತಿ ಕಟ್ಟಿದರು. ಅಲ್ಲಿಯ ಅಡಿಗೆ ಮುಟ್ಟಬೇಡ ಅಂದರು. ಗಂಟು ಕೈಗೆ ಕೊಡುತ್ತಾ —

"ಪೆಟ್ಗೆ ಒಳ್ಗೆ ಏನಿಟ್ಕೊಂಡಿದೀಯ ಅಂತ ನೋಡಿವ್ನಿ."

ಗಂಟನ್ನು ಪೆಟ್ಟಿಗೆಯ ಮೇಲಿಟ್ಟೆ.

"ಬ್ಯಾಡ ಅನ್ನಾಕಿಲ್ಲ. ಆದ್ರೆ ಅವ್ನು ಸತ್ತೋದ್ರೆ ನಿಮ್ಮಣ್ಣ ಕುಡ್ದಿರ್ನಿಲ್ಲ ಅಂತ ಯೋಳೋರ್ಯಾರು? ಅದನ್ನೂವೆ ಯೋಚ್ನೆ ಮಾಡು."

ಮಾಡಲಿಲ್ಲ. ಮಾಡುವ ಮನಸ್ಸೂ ಇಲ್ಲ.

೨೯ ಅಕ್ಟೋಬರ್, ಶುಕ್ರವಾರ. ಕಾಲ್ಡರನ ತೋಟ

ಫ್ರೇಜರ್‌ಪೇಟೆಯಲ್ಲಿ ಹೊಳೆ ದಾಟಿ ಬಸ್ಸು ಇಳಿದೆ. ಜೀಪು ಕಾಯುತ್ತಿತ್ತು. ಡ್ರೈವರ್ ಕುಂಟುತ್ತಾ ಬಂದು ಪೆಟ್ಟಿಗೆ ತೆಗೆದುಕೊಂಡ. ಕಾಡಂಚಿನ ಹಾಡಿಯವನು. ನನ್ನ ಮುಖವನ್ನೇ ನೋಡಿದ.

"ನೀವು ಬೆಟ್ಸಾಮಣ್ಣೋರ ತಮ್ಮ ಅಲ್ವಾ? ಅದೇ ಮೂಗು."

ಜೋಗಯ್ಯ. ಲಾರಿಯಿಂದ ಹಾರಿದ ಕ್ಲೀನರ್. ಅಣ್ಣನೇ ಅವನಿಗೆ ಮೋಟಾರು ಓಡಿಸಲು ಕಲಿಸಿದ್ದನಂತೆ. ಈಗ ದೊರೆಯ ಸಾಮಾನಿಗೆ, ಅತಿಥಿಗಳಿಗೆ ಅವನೇ ಡ್ರೈವರ್. ಲಾರಿ ಬಿದ್ದ ತಿರುವಿನಲ್ಲಿ ಜೀಪು ನಿಲ್ಲಿಸಿದ. ಕೆಳಗೆ ನೋಡಿದೆ. ಲಂಟಾನ ಬೆಳೆದು ಎಲ್ಲ ಮುಚ್ಚಿದೆ.

"ಅವತ್ತು ಬೆಳಿಗ್ಗೆನೂ ಯೋಳುದ್ರು, ಬ್ರೇಕು ಇಲ್ಲ ದೊರೆ ಅಂತವ. ಇದೊಂದು ಲೋಡು ಇಳ್ಸಿ ಬಾ ಅಂದ್ರು ದೊರೆ. ನನ್ನ ಕತ್ತಿಡಿದು ಆಚ್ಗೆ ನೂಕುದ್ರು ಸಾಮಿ ನಿಮ್ಮಣ್ಣ. ನಾ ಹಾರ್ನಿಲ್ಲ. ಅವ್ರು ನೂಕಿದ್ದು."

"ಇದನ್ನ ಪೋಲೀಸ್ನೋರಿಗೆ ಯಾಕೆ ಹೇಳ್ಲಿಲ್ಲ?"

"ನನ್ನ ಕೇಳ್ನೇ ಇಲ್ಲ. ನಾನಾಗೇ ಯೋಳಾನ ಅಂದ್ರೆ… ಎಂಡ್ರು ಮಕ್ಳು ತೋಟದೋರು ಕೊಟ್ಟಿರೋ ಲೈನ್ ಮನೇಲವ್ರೆ."

ಬೈಯಬೇಕು ಅನ್ನಿಸಿತು. ಜೀಪು ಬಿಡು ಅಂದೆ. ತೋಟ ಮುಟ್ಟಿದ ಮೇಲೆ ದೊರೆಯನ್ನು ನೋಡಿದೆ. ಎತ್ತರದ ಆಳು, ಕೆಂಪು ಕುತ್ತಿಗೆ. ಬೆನ್ನು ತಟ್ಟಿ, "ಚೆನ್ನಾಗಿ ಊದು, ಪೈಪರ್" ಅಂದ. ಆ ಕೈ ನನ್ನ ಬೆನ್ನಿನ ಮೇಲೆ ಇನ್ನೂ ಇದ್ದ ಹಾಗಿದೆ.

೩೦ ಅಕ್ಟೋಬರ್, ಬೆಳಿಗ್ಗೆ

ಆಯಿತು. ಎಲ್ಲರೂ ಕ್ಲಬ್ಬಿನ ಮೈದಾನದಲ್ಲಿ ಡೇರೆ ಹಾಕಿಸುತ್ತಿದ್ದರು. ಕ್ಲಬ್ಬಿನ ಹಿಂದಿನ ಷೆಡ್ಡಿನಲ್ಲಿ ಜೀಪೊಂದೇ. ಕೆಳಗೆ ಮಲಗಿ ನಟ್ಟು ಸಡಿಲಿಸಿದೆ. ಪೂರ್ತಿ ಬಿಚ್ಚಲಿಲ್ಲ — ನಾಲ್ಕಾರು ಸಲ ತುಳಿದ ಮೇಲೆ ಬಿಟ್ಟುಕೊಳ್ಳುವಷ್ಟು. ಮಧ್ಯಾಹ್ನ ದೊರೆ ತಾನೇ ಪೇಟೆಗೆ ಇಳಿದು ದೊಡ್ಡ ಅತಿಥಿಯನ್ನು ಕರೆತರುತ್ತಾನೆ.

ಕೈ ತೊಳೆದು ಪೈಪಿಗೆ ಸ್ವರ ಕೂಡಿಸುತ್ತಿದ್ದೇನೆ.

೩೧ ಅಕ್ಟೋಬರ್, ಭಾನುವಾರ. ಫ್ರೇಜರ್‌ಪೇಟೆ ಬಸ್ ಸ್ಟ್ಯಾಂಡು

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ.

ಮೈದಾನ ಬೆಟ್ಟದ ನೆತ್ತಿಯಲ್ಲಿ. ಮಂಜು ಆಗತಾನೇ ಎದ್ದಿತ್ತು. ದೊರೆಗಳೆಲ್ಲ ಮೊಣಕಾಲಿನವರೆಗೆ ಚೌಕುಳಿ ಲಂಗ ಉಟ್ಟಿದ್ದರು. ಒಬ್ಬೊಬ್ಬರ ವಂಶಕ್ಕೆ ಒಂದೊಂದು ಬಣ್ಣವಂತೆ. ಉದ್ದದ ಮರದ ಬೊಡ್ಡೆ ಎತ್ತಿ ತಲೆಕೆಳಗಾಗಿ ಎಸೆಯುವ ಆಟ. ಗುಂಡು ಎಸೆತ. ಹಗ್ಗ ಜಗ್ಗಾಟ. ಹುಲ್ಲಿನ ಮೇಲೆ ಎರಡು ಕತ್ತಿ ಅಡ್ಡಡ್ಡ ಇಟ್ಟು ಒಬ್ಬಳು ಹುಡುಗಿ ಕಾಲು ತಾಕಿಸದೆ ಕುಣಿದಳು. ಅವಳಿಗೆ ಊದಿದೆ. ಚೆನ್ನಾಗಿ ಊದಿದೆ, ಸುಳ್ಳು ಹೇಳಬಾರದು. ನಮ್ಮ ಬ್ಯಾಂಡ್ ಮಾಸ್ಟರು ಕಲಿಸಿದ ರಾಗಗಳೇ. ಒಂದು ರಾಗಕ್ಕೆ ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು. ಇವರಿಗೂ ಊರು ಬಿಟ್ಟ ಸಂಕಟ ಇದೆ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆಗ ಗೋವಿಂದಯ್ಯ ಷೆಡ್ಡಿನ ಕಡೆ ಕೂಗುವುದು ಕೇಳಿಸಿತು. "ಜೋಗಯ್ಯಾ, ದೊರೆಗೆ ಬಿಡುವಿಲ್ಲ. ನೀನೇ ಇಳಿದು ಕರ್ಕೊಂಡ್ ಬಾ."

ಊದುವುದು ಅರ್ಧಕ್ಕೆ ಬಿಟ್ಟೆ. ಪೈಪು ಕಂಕುಳಲ್ಲೇ ಕೊರಗುತ್ತಿತ್ತು. ಓಡಿದೆ. ಜೋಗಯ್ಯ ಹತ್ತಿ ಕೂತಿದ್ದ, ಇಂಜಿನ್ ಹೊತ್ತಿತ್ತು. ಮುಂದೆ ಅಡ್ಡ ನಿಂತೆ.

"ಇಳಿ. ಬ್ರೇಕು ಬಿಚ್ಚಿದೀನಿ."

ಅವನು ಇಳಿದು ಕೆಳಗೆ ನುಸುಳಿ ನೋಡಿದ. ಸ್ಪ್ಯಾನರಿಗೆ ಕೈ ಚಾಚಿದ. ತಂದುಕೊಟ್ಟೆ. ಬಿಗಿದ, ತುಳಿದು ನೋಡಿದ, ಇಳಿದು ಮತ್ತೊಮ್ಮೆ ಬಿಗಿದ. ಆಮೇಲೆ ನನ್ನ ಮುಂದೆ ನಿಂತು, ಏರದ ದನಿಯಲ್ಲಿ —

"ನಾ ಸತ್ತಿದ್ರೂವೆ ಕುಡ್ದಿದ್ದ ಅಂತ್ಲೇ ಬರ್ಕೊಡೋರು ಸಾಮಿ."

ಹೊರಟುಹೋದ. ಷೆಡ್ಡಿನ ಗೋಡೆ ಹಿಡಿದುಕೊಂಡು ಕೂತೆ.

ಊಟಕ್ಕೆ ಬಿಸಿಲು ಇರುವಾಗಲೇ ಕೂತರು. ಕುರಿಯ ಹೊಟ್ಟೆಯ ಚೀಲಕ್ಕೆ ಮಾಂಸ ತುಂಬಿ ಬೇಯಿಸಿದ್ದು ಅವರ ಹಬ್ಬದಡಿಗೆ. ಅದನ್ನು ಬೆಳ್ಳಿ ತಟ್ಟೆಯಲ್ಲಿ ಹೊತ್ತು ತರುವಾಗ ಮುಂದೆ ಪೈಪು ನಡೆಯಬೇಕು. ನಡೆದೆ. ವಾಸನೆಗೆ ಉಸಿರು ಕಟ್ಟಿತು. ಎಲ್ಲರೂ ಎದ್ದು ನಿಂತು ತಾಳ ಹಾಕಿದರು. ಮೇಜಿನ ತಲೆಯಲ್ಲಿ ಕಾಲ್ಡರ್. ಪದ್ಧತಿ ಗೋವಿಂದಯ್ಯ ಮೊದಲೇ ಹೇಳಿಕೊಟ್ಟಿದ್ದ — ಯಜಮಾನ ಪೈಪಿನವನಿಗೆ ತನ್ನ ಕೈಯಾರೆ ವಿಸ್ಕಿ ಕೊಡುತ್ತಾನೆ, ಒಂದೇ ಗುಟುಕಿಗೆ ಕುಡಿದು ಬಟ್ಟಲು ಬೋರಲು ಹಾಕಬೇಕು. ನಮ್ಮವರು ಸುಮ್ಮನೆ ತುಟಿಗೆ ತಾಕಿಸಿದರೆ ಸಾಕು ಅಂದಿದ್ದ.

ದೊರೆ ಬಟ್ಟಲು ಚಾಚಿದ. ತೆಗೆದುಕೊಂಡೆ. ಡೇರೆಯೆಲ್ಲ ನನ್ನನ್ನೇ ನೋಡುತ್ತಿತ್ತು.

ಬೆಟ್ಟ ಹತ್ತುವಾಗ ಇದು ನನ್ನ ತಲೆಯಲ್ಲಿ ಇರಲಿಲ್ಲ. ಆ ಬಟ್ಟಲು ಕೈಗೆ ಬಂದಾಗ ಬಂತು. ಸೈನ್ಯದ ಇಂಗ್ಲಿಷಿನಲ್ಲಿ, ಪೆರೇಡಿನಲ್ಲಿ ಕೂಗುವ ದನಿಯಲ್ಲಿ ಹೇಳಿದೆ. "ಸರ್, ನಾನು ಕುಡಿಯುವುದಿಲ್ಲ. ನನ್ನ ಅಣ್ಣನೂ ಕುಡಿಯುತ್ತಿರಲಿಲ್ಲ. ಅವನ ಹೆಸರು ಬೆಟ್ಟಸ್ವಾಮಿ. ನಿಮ್ಮ ಲಾರಿಯಲ್ಲಿ ಸತ್ತ. ಬ್ರೇಕು ಇಲ್ಲವೆಂದು ನಿಮಗೆ ಹೇಳಿದ್ದ. ಅವನು ಕುಡಿದಿದ್ದನೆಂದು ನೀವು ಪೋಲೀಸಿಗೆ ಹೇಳಿದಿರಿ."

ಬಟ್ಟಲನ್ನು ಹುಲ್ಲಿನ ಮೇಲೆ ಬೋರಲು ಹಾಕಿದೆ.

ಕಾಲ್ಡರನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. "ಇದು ಅದಕ್ಕೆ ಸಮಯವಲ್ಲ, ಪೈಪರ್" ಅಂದ. ಮಧ್ಯಾಹ್ನ ಅತ್ತಿದ್ದ ಆ ಮುದುಕಿ ಕೇಳಿದಳು. "ಇದು ನಿಜವೇ, ಕಾಲ್ಡರ್?"

ಡೇರೆಯ ಬಾಯಲ್ಲಿ ನಿಂತಿದ್ದ ಜೋಗಯ್ಯ ಒಳಗೆ ಬಂದ. ಕನ್ನಡದಲ್ಲೇ ಹೇಳಿದ — "ನಾನಿದ್ದೆ ಅಮ್ಮಾವ್ರೆ. ನಿಜ." ಅಲ್ಲಿದ್ದವರೆಲ್ಲ ತೋಟ ನಡೆಸುವವರು. ಕನ್ನಡ ಬರುತ್ತದೆ.

ಮುದುಕಿ ತಟ್ಟೆ ಸರಿಸಿ ಎದ್ದಳು. ಅವಳ ಹಿಂದೆ ಇನ್ನೊಬ್ಬರು. ಕಾಲ್ಡರನ ಮುಖ ನೋಡುತ್ತಾ ನಿಂತೆ. ಬೇಕೆಂದೇ ನೋಡಿದೆ. ಹಾಲು ಕುಡಿದಷ್ಟು ಹಿತವಾಗಿತ್ತು. ಹಿತವಾಗಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಜೋಗಯ್ಯ ಕೆಲಸ ಬಿಟ್ಟ, ಅಥವಾ ಬಿಡಿಸಿದರು. ಹೆಂಡತಿ ಮಕ್ಕಳ ಜೊತೆ ಇಲ್ಲೇ ಬೆಂಚಿನ ಮೇಲೆ ಕೂತಿದ್ದಾನೆ. ನಮ್ಮೂರಿಗೆ ಬಾ ಅಂದಿದ್ದೇನೆ.

೨ ನವೆಂಬರ್. ಬೆಟ್ಟದಪುರ

ಜೋಗಯ್ಯನಿಗೆ ಬ್ಯಾರನ್ನಿನಲ್ಲಿ ಕೆಲಸ ಕೊಡಿಸಿದೆ. ಅತ್ತಿಗೆಗೆ ಎಲ್ಲ ಹೇಳಿದೆ, ನಟ್ಟಿನ ಸಂಗತಿಯನ್ನೂ. ಅಣ್ಣ ಜೋಗಯ್ಯನನ್ನು ನೂಕಿ ಉಳಿಸಿದ್ದು ಕೇಳಿ ಒಳಗೆ ಎದ್ದುಹೋದರು. ಬಹಳ ಹೊತ್ತಿನ ಮೇಲೆ ಬಂದರು. ಹೊಗಳುತ್ತಾರೆ ಅಂದುಕೊಂಡಿದ್ದೆ.

"ಇಂಗ್ಲೀಸಲ್ಲಿ ಯೋಳ್ದ್ಯಾ?"

"ಹೂಂ."

"ಬೆಟ್ಟದ ಮ್ಯಾಲೆ, ಬಿಳೀರ ಮುಂದೆ. ಇಲ್ಲಿ ನನ್ನ ಮಗ್ಳ ಬೆನ್ನಿಂದೆ ಆಡ್ಕೊಳ್ಳೋರ್ಗೆ ಅದು ಕೇಳಿಸ್ತಾ?"

ಕೇಳಿಸಿಲ್ಲ.

೧೪ ನವೆಂಬರ್

ಕಾರು ಬಂತು. ಕಾಲ್ಡರ್, ಗೋವಿಂದಯ್ಯ. ಕ್ಲಬ್ಬಿನಲ್ಲಿ ಯಾರೂ ಅವನ ಜೊತೆ ಕೂರುತ್ತಿಲ್ಲವಂತೆ. ತೋಟ ಮಾರಿ ದೇಶಕ್ಕೆ ಹೋಗುತ್ತಾನಂತೆ. ಹೋಗುವ ಮುಂಚೆ ಮನೆಯವರನ್ನು ಕಂಡು ತಪ್ಪಾಯಿತು ಅನ್ನಬೇಕಂತೆ. ಒಳಗೆ ಬರಲೇ ಎಂದು ಕೇಳಿದ.

ಅತ್ತಿಗೆ ಹೊಸಿಲು ಬಿಟ್ಟುಕೊಡಲಿಲ್ಲ.

"ಇಲ್ಲಿ ಬ್ಯಾಡ. ನಾಡಿದ್ದು ಸಂತೆ. ಅಲ್ಲಿಗ್ ಬಂದು ಯೋಳಿ. ನಮ್ಮ ಮಾತ್ನಾಗೆ."

ಗೋವಿಂದಯ್ಯ ನನ್ನ ಕಡೆ ನೋಡಿದ. "ದೊರೆಗಳು ಸಂತೇಲಿ ನಿಂತು… ಅದು ಹೆಂಗ್ರೀ ಆಗ್ತದೆ?"

"ಆಗ್ದಿದ್ರೆ ಬುಡಿ," ಅಂದರು ಅತ್ತಿಗೆ. ಬಾಗಿಲು ಹಾಕಿಕೊಂಡರು.

೧೬ ನವೆಂಬರ್, ಸಂಜೆ

ಬಂದ. ಬರುವುದಿಲ್ಲ ಅಂದುಕೊಂಡಿದ್ದೆ. ಬಳೆ ಅಂಗಡಿ, ಮಡಕೆ ಅಂಗಡಿಗಳ ನಡುವೆ ಟೋಪಿ ಕೈಯಲ್ಲಿ ಹಿಡಿದು ನಿಂತ. ಜನ ಸುತ್ತ ಕಟ್ಟಿದರು. ಅತ್ತಿಗೆ, ಮಂಗಳಮ್ಮ, ಜೋಗಯ್ಯ, ನಾನು ಎದುರಿಗೆ.

"ಬೆಟ್ಟಸಾಮಿ ಕುಡೀಲಿಲ್ಲ. ಲಾರಿ ಬ್ರೇಕ್ ಕೆಟ್ಟಿತ್ತು. ನಮಗೆ ಗೊತ್ತಿತ್ತು. ನಾವು ಸುಳ್ಳು ಹೇಳಿದ್ದು."

ಅತ್ತಿಗೆ ಕದಲಲಿಲ್ಲ. "ಇಂದ್ಗಡೆ ನಿಂತಿರೋರ್ಗೆ ಕೇಳುಸ್ನಿಲ್ಲ."

ಮತ್ತೆ ಹೇಳಿದ, ಜೋರಾಗಿ. ದನಿ ಒಡೆಯಿತು. ಕ್ಷಮಿಸಬೇಕು ಅಂದ. ಅತ್ತಿಗೆ ಮಗಳ ಕೈ ಹಿಡಿದು ಅವನ ಪಕ್ಕದಲ್ಲೇ ಹಾದು ಉಪ್ಪಿನ ಅಂಗಡಿಗೆ ಹೋದರು. ಅವನು ಕಾರಿನ ತನಕ ಒಬ್ಬನೇ ನಡೆದ. ಜನ ದಾರಿ ಬಿಟ್ಟರು, ಅಷ್ಟೆ.

ಇವತ್ತು ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಮನೆಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ಮೇಲುಕೇರಿಯ ಕಂಠಪ್ಪ ಕೂತಿದ್ದ. ರಾವಂದೂರಿನವರ ಕಿವಿಗೆ ಕುಡುಕನ ಮಾತು ಹಾಕಿದವನು. ಎಲೆ ಅಡಿಕೆ ತಟ್ಟೆಯನ್ನು ತಾನೇ ಎಳೆದುಕೊಂಡು, ನಗುನಗುತ್ತಾ, "ನಂಗೆ ಮೊದ್ಲೇ ಗೊತ್ತಿತ್ತು ಕಣಮ್ಮ, ಬೆಟ್ಟಸಾಮಿ ಅಂತೋನಲ್ಲ" ಅಂದ.

"ಗೊತ್ತಿತ್ತಾ?" ಅಂದರು ಅತ್ತಿಗೆ. ಉಪ್ಪಿನ ಗಂಟು ಇನ್ನೂ ಕೈಯಲ್ಲೇ ಇತ್ತು. "ಅಂಗಾದ್ರೆ ಇಷ್ಟು ದಿವ್ಸ ಏನಂತ ಯೋಳ್ಕೊಂಡ್ ತಿರುಗ್ದೆ? ಅದ್ನೂ ಯೋಳೋಗು."

ನಗು ನಿಂತಿತು. ಅವನು ಏಳಲು ನೋಡಿದ. ಮೆಟ್ಟಿಲಿಗೆ ಅಡ್ಡವಾಗಿ ಮಂಗಳಮ್ಮ ಬಂದು ನಿಂತಿದ್ದಾಳೆ. ಬೀದಿಯವರು ಒಬ್ಬೊಬ್ಬರಾಗಿ ಸೇರುತ್ತಿದ್ದಾರೆ. ಅತ್ತಿಗೆ ಇನ್ನೂ ಕೇಳುತ್ತಲೇ ಇದ್ದಾರೆ, ಒಳಗೆ ಕೂತು ಇದನ್ನು ಬರೆಯುತ್ತಿರುವ ನನಗೂ ಕೇಳಿಸುತ್ತಿದೆ. ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ, ಹೋಗಿ ನಾನೂ ಅವರ ಪಕ್ಕ ನಿಂತು ಕೇಳಬೇಕು.